ತೊಳೆಯಬಾರದ ದ್ರಾಕ್ಷಿ

ಬಾಯಿ ಕಟ್ಟಿದ ಭರಣಿ ಹತ್ತಿರ ಕೆಲಸ ಮಾಡೋನಿಗೆ ನಗೋಕೆ ಕಾರಣ ಹುಡುಕಬೇಕಾಗಿಲ್ಲ. ಏನಾದರೊಂದು ಉಕ್ಕುತ್ತಲೇ ಇರುತ್ತೆ.

ನಾನು ಶಿವಮೊಗ್ಗದ ಕೋಟೆಯಲ್ಲಿ ಒಬ್ಬ ಆಯುರ್ವೇದ ಪಂಡಿತರ ಔಷಧಿ ಅಂಗಡಿಯಲ್ಲಿ ಕುಟ್ಟೋದು, ಸೋಸೋದು ಮಾಡ್ತಿದ್ದೆ. ಪಂಡಿತರಿಗೆ ಒಂದೇ ಹಟ. ದ್ರಾಕ್ಷಿ ಹುದುಗಿಸಿ ಮಾಡೋ ದ್ರಾಕ್ಷಾರಿಷ್ಟಕ್ಕೆ ಹೊರಗಿನ ಒಣದ್ರಾಕ್ಷಿ ಬೇಡ, ನಮ್ಮ ಕಡೆಯ ಹಿತ್ತಲ ದ್ರಾಕ್ಷಿಯೇ ಆಗಬೇಕು. ಹುದುಗೂ ಅದೇ ಹಣ್ಣಿನಿಂದಲೇ ಬರಬೇಕು. ಅಂಗಡಿ ಯಜಮಾನರು ಅವರ ಅಣ್ಣ. ಅಂಗಡಿ ಹಿಂದಿನ ಬಳ್ಳಿ ಹಣ್ಣು ಬಿಡೋ ಹೊತ್ತಿಗೆ ಅವರು ಅಂದುಬಿಟ್ಟಿದ್ದರು, "ಈ ಸಲ ಭರಣಿ ಹುದುಗದಿದ್ರೆ ದ್ರಾಕ್ಷಿ ಚಪ್ಪರ ಕಿತ್ತು ಹಾಕಿಸ್ತೀನಿ."

ನನ್ನ ಹೆಂಡತಿ ಆಗ ಇದ್ದಳು. ಅದಕ್ಕೇ ಇದನ್ನೆಲ್ಲ ಬರೆಯೋದು.

೧. ಹುಳಿ

ಬಳ್ಳಿ ಹುಡುಕಿಕೊಂಡು ಮೊದಲು ಪಂಡಿತರೂ ನಾನೂ ಭದ್ರಾವತಿಗೆ ಹೋಗಿದ್ದೆವು. ಕಾಗದನಗರದ ಒಂದು ಕ್ವಾರ್ಟರ್ಸ್ ಹಿಂದೆ ಕಪ್ಪು ದ್ರಾಕ್ಷಿ, ಗೋಲಿಗಿಂತ ಸಣ್ಣದು. ಆ ಮನೆಯಾಕೆ ಮೊದಲೇ ಹೇಳಿದರು, "ಬಾಯಿಗಿಡಬೇಡಿ ಸ್ವಾಮಿ. ಗಿಳಿ ಕೂಡ ಒಂದು ಸಲ ಬಂದದ್ದು ಮತ್ತೆ ಬರಲ್ಲ."

ಪಂಡಿತರು ಒಂದನ್ನು ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. "ಇದೇ ತಾಯಿ. ಎಷ್ಟು ವರ್ಷದಿಂದ ಹುಡುಕ್ತಿದ್ದೆ" ಅಂದರು.

ಆಕೆ ಒಳಗೆ ಹೋಗಿ ಗಂಡನಿಗೆ ಹೇಳಿದ್ದು ನಮಗೆ ಕೇಳಿಸಿತು. "ರೀ, ಬನ್ನಿ ಹೊರಗೆ. ಯಾರೋ ವಯಸ್ಸಾದೋರು, ಪಾಪ, ನಮ್ಮ ದ್ರಾಕ್ಷಿ ತಿಂದು ಅಳ್ತಾ ಇದಾರೆ. ಊಟ ಹಾಕಿ ಕಳಿಸೋಣ."

ನೆಡೋಕೆ ಬಳ್ಳಿ ಕಡ್ಡಿ ಕೇಳೋಕೆ ಹೋದೋರು ಊಟಾನೂ ಮಾಡಿ, ಕಡ್ಡಿ ಹಿಡ್ಕೊಂಡು ಬಂದೆವು. ಆ ಸಾರಿನ ಋಣ ಇನ್ನೂ ಇದೆ.

೨. ಕಡ್ಡಿ

ಅಂಗಡಿ ಹಿಂದೆ ನೆಟ್ಟ ಕಡ್ಡಿ ಚಪ್ಪರ ಹತ್ತಿತು. ಈ ಬಳ್ಳಿ ಊರಲ್ಲೆಲ್ಲ ಹಬ್ಬಲಿ ಅಂತ ಪಂಡಿತರು ಔಷಧಿ ಸೀಸೆ ಜೊತೆ ಒಂದೊಂದು ಕಡ್ಡಿ ಪುಕ್ಕಟೆ ಕೊಡೋಕೆ ಶುರು ಮಾಡಿದರು. ಸವಳಂಗ ರಸ್ತೆ ಕಡೆಯಿಂದ ಕೆಮ್ಮಿಗೆ ಬಂದ ಅಜ್ಜ ಅದನ್ನ ತಿರುಗಿಸಿ ತಿರುಗಿಸಿ ನೋಡಿದ.

"ಇದು ಊಟಕ್ಕೆ ಮುಂಚೆ ತಗೊಳ್ಳೋದಾ, ಆಮೇಲಾ?"

"ನೆಡೋದು ಅಜ್ಜ, ಹಿತ್ತಲಲ್ಲಿ" ಅಂದೆ.

ಅಜ್ಜ ಕಡ್ಡಿ ವಾಪಸ್ ನನ್ನ ಕಡೆ ಚಾಚಿದ. "ಅಲ್ಲ ಮಾರಾಯ, ಕೆಮ್ಮು ಇರೋದು ನಂಗೆ."

೩. ಮಡಿ

ಹಣ್ಣು ಬಂತು. ತೊಳೀಬಾರದು ಅಂತ ಪಂಡಿತರು ನನಗೆ ಹೇಳಿದ್ದರು. ಹಣ್ಣಿನ ಮೇಲೆ ಬೂದಿ ಥರ ಇರೋ ಬಿಳಿ ಪುಡಿಯಲ್ಲೇ ಹುದುಗು ಇರೋದು. ಸಹಾಯಕ್ಕೆ ಬಂದ ನನ್ನ ಹೆಂಡತಿಗೆ ಇದನ್ನ ಯಾರೂ ಹೇಳಿರಲಿಲ್ಲ. ಅವಳು ಉಪ್ಪೊಂದು ಬಿಟ್ಟು ಎಲ್ಲಾ ತೊಳೆಯೋಳು. ನಾನು ಕೊನೇ ಬುಟ್ಟಿ ಹೊತ್ತು ಬರೋಷ್ಟರಲ್ಲಿ ಉಳಿದ ಹಣ್ಣೆಲ್ಲ ಕನ್ನಡಿ ಥರ ಹೊಳೀತಿತ್ತು. ಅವಳು ಹೋದಮೇಲೆ ನನ್ನ ಮನೆಯಲ್ಲಿ ಯಾವುದೂ ಹಾಗೆ ಹೊಳೆದಿಲ್ಲ.

ತೊಳೆದದ್ದನ್ನ ಅಂಗಡಿಯ ದೊಡ್ಡ ಭರಣಿಗೆ ಹಾಕಿದೆವು. ನನ್ನ ತಲೆ ಮೇಲಿದ್ದ ಬುಟ್ಟಿಯದು ಸಣ್ಣ ಭರಣಿಗೆ. ಅದನ್ನ ಬೆಚ್ಚಗಿರಲಿ ಅಂತ ನಮ್ಮನೆ ಒಲೆ ಪಕ್ಕ ಇಟ್ಟೆವು.

ಕೆಲವು ದಿನ ಬಿಟ್ಟು ಪಂಡಿತರು ದೊಡ್ಡ ಭರಣಿಗೆ ಕಿವಿ ಇಟ್ಟರು. ಸದ್ದಿಲ್ಲ. ಬಯ್ಯಲಿಲ್ಲ. "ಮಡೀಲಿ ಕೂತಿದೆ" ಅಂದರು. "ಯಾರ ಹತ್ರಾನೂ ಮಾತಾಡಲ್ಲ."

೪. ಹೊಟ್ಟೆನೋವು

ಸಣ್ಣ ಭರಣಿ ಮಾತ್ರ ಗುಳುಗುಳು ಅನ್ನೋಕೆ ಶುರು ಮಾಡ್ತು. ವಾಸನೆ ಬೀದಿಗೆ ಹೋಯ್ತು. ಆಗ ಪಾನನಿರೋಧ ಬೇರೆ. ಪಕ್ಕದ ಮನೆಯವನು ಹೊಟ್ಟೆ ಹಿಡ್ಕೊಂಡು ಬಂದ.

"ಔಷಧಿ ಇನ್ನೂ ಆಗಿಲ್ಲ" ಅಂದಳು ನನ್ನ ಹೆಂಡತಿ.

"ಪರವಾಗಿಲ್ಲ ಅಕ್ಕ. ನೋವೂ ಇನ್ನೂ ಪೂರ್ತಿ ಬಂದಿಲ್ಲ. ಎರಡೂ ಒಟ್ಟಿಗೆ ಆಗ್ಲಿ" ಅಂತ ಅಲ್ಲೇ ಕೂತ.

ಅವನು ಎದ್ದು ಹೋದ ಮೇಲೆ ಅವಳು ವಾಸನೆ ಹೊರಗೆ ಹೋಗದ ಹಾಗೆ ಭರಣಿ ಬಾಯಿಗೆ ಇನ್ನೊಂದು ಬಟ್ಟೆ ಬಿಗಿದು ಮಣ್ಣು ಮೆತ್ತಿದಳು.

೫. ಪೇಟ

ದೊಡ್ಡ ಭರಣಿ ಸುಮ್ಮನಿರೋದು ಅಣ್ಣನವರಿಗೆ ಗೊತ್ತಾಯ್ತು. ಚಪ್ಪರ ಕೀಳೋಕೆ ಆಳು ಗೊತ್ತು ಮಾಡಿದರು. ಸಣ್ಣದು ಹುದುಗಿದೆ ಅಂದರೆ ನಂಬಲಿಲ್ಲ. ನೋಡೇಬಿಡೋಣ ಅಂತ ಪಂಡಿತರ ಜೊತೆ ನಮ್ಮನೆಗೆ ಬಂದರು. ತಲೆಗೆ ಬಿಳೀ ಪೇಟ.

"ಎಲ್ಲಿ, ಇದಾದ್ರೂ ಮಾತಾಡುತ್ತಾ?" ಅಂತ ಬಗ್ಗಿ ಕಿವಿ ಇಟ್ಟರು.

ಮಾತಾಡಿತು. ಮಣ್ಣು, ಬಟ್ಟೆ, ನೊರೆ ಎಲ್ಲಾ ಪೇಟಕ್ಕೆ ಬಂತು. ಅಣ್ಣನವರು ಬಗ್ಗಿದೋರು ಬಗ್ಗೇ ಇದ್ದರು. ನನ್ನ ಹೆಂಡತಿ ಬಿಂದಿಗೆ ನೀರು ಎತ್ತಿಕೊಂಡು ಓಡಿ ಬಂದಳು. ಪಂಡಿತರು ಅಡ್ಡ ನಿಂತರು.

"ತೊಳೀಬೇಡಿ ತಾಯಿ. ಹುದುಗೆಲ್ಲ ಅಣ್ಣನ ತಲೆ ಮೇಲಿದೆ."

ಪೇಟ ಹಾಗೇ ಎತ್ತಿಕೊಂಡು ಅಂಗಡಿಗೆ ಓಡಿದರು. ಮೆತ್ತಿದ ಮಣ್ಣು ಕೊಡವಿ ದೊಡ್ಡ ಭರಣಿಗೆ ಹಿಂಡಿದರು. ಬರಿತಲೆಯಲ್ಲಿ ಅಣ್ಣನವರು ಹಿಂದೆ. ಎರಡು ದಿನಕ್ಕೆ ಅದೂ ಗುಳುಗುಳು. ಅಣ್ಣನವರು ದೂರದಲ್ಲೇ ನಿಂತು ಕೇಳಿ, "ಚಪ್ಪರ ಇರ್ಲಿ" ಅಂದರು.

ಬಳ್ಳಿ ಉಳೀತು. ತೊಳೆದದ್ದಕ್ಕೆ ನನ್ನ ಹೆಂಡತೀನ ಪಂಡಿತರ ಮನೆಯವರು ಯಾರೂ ಒಂದು ಮಾತು ಅನ್ನಲಿಲ್ಲ. ಅದಕ್ಕೆ ಇವತ್ತೂ ಅವರಿಗೆ ಕೈ ಮುಗೀತೀನಿ.

ಮುಂದಿನ ವರ್ಷ ಹಣ್ಣು ಬಂದಾಗ ಅಣ್ಣನವರು ನಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಏನಮ್ಮ, ಈ ಸಲಾನೂ ಪೇಟ ಕಳಿಸಬೇಕಾ?"

ಅವಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅಂದಳು, "ಕಳಿಸಿ ಯಜಮಾನರೇ. ತೊಳೆದು ಕಳಿಸಬೇಡಿ."