ವೈದ್ಯೆಯ ‘ನೀವೇ ಹೇಳಿ’ಯಲ್ಲಿನ ‘ನೀವೇ’ ಯಾರು ಎಂಬ ಬಗ್ಗೆ ಸ್ಪಷ್ಟೀಕರಣ

ಗೃಹಾಂತರ್ಗತ ವ್ಯವಹಾರಗಳ ವಿಭಾಗ
(ಹಜಾರ, ಸೋಫಾದ ಎಡ ಮೂಲೆ)

ಸಂಖ್ಯೆ: ಗೃಹಾಂ/ಎರಡನೇ ಹೆರಿಗೆ/ಕೇಳಿದ ಕಥೆಗಳು/ತುರ್ತು

ಸುತ್ತೋಲೆ

ವಿಷಯ: ಮನೆಯ ಸೊಸೆಯ ಎರಡನೇ ಹೆರಿಗೆಯೂ ಸಿಸೇರಿಯನ್ ಆಗಬೇಕೆ, ಅದಕ್ಕೆ ಮೊದಲೇ ದಿನ ಗೊತ್ತುಮಾಡಬೇಕೆ ಎಂಬ ಬಗ್ಗೆ ಹಜಾರದಲ್ಲಿ ಕಥೆ ಹೇಳುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: (ಅ) ವೈದ್ಯೆಯ ಮೌಖಿಕ ಅಭಿಪ್ರಾಯ: “ಹಳೇ ಗಾಯ ಚೆನ್ನಾಗಿ ಕೂಡಿದೆ. ನೋವು ಬರೋವರೆಗೂ ಕಾಯಬಹುದು, ಇಲ್ಲ ದಿನ ಗೊತ್ತುಮಾಡಿ ಆಪರೇಷನ್ ಮಾಡಬಹುದು. ಗುರುವಾರ ಬಂದಾಗ ನೀವೇ ಹೇಳಿ.”
(ಆ) ಸೊಸೆಯ ಹಿರಿಯ ಮಗಳು ಊಟದ ಮೇಜಿನ ಕೆಳಗಿನಿಂದ ಸಲ್ಲಿಸಿದ ದೂರು: “ಹಾಗಾದ್ರೆ ನಾನು ನಾರ್ಮಲ್ ಅಲ್ವಾ?”

ಉಲ್ಲೇಖ (ಅ)ದಲ್ಲಿನ ‘ನೀವೇ’ ಎಂಬ ಪದವನ್ನು ಮನೆಯ ಸಮಸ್ತರೂ ಬಹುವಚನವೆಂದು ಭಾವಿಸಿ ಕಾರ್ಯಪ್ರವೃತ್ತರಾಗಿರುವುದು ವಿಭಾಗದ ಗಮನಕ್ಕೆ ಬಂದಿದೆ. ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಸದರಿ ‘ನೀವೇ’ಯು ಗೌರವಾರ್ಥದ ಏಕವಚನವಾಗಿರುತ್ತದೆ. “ನೀವೇ ಅಂದ್ರೆ ನಾವೆಲ್ಲ ತಾನೆ! ಅವಳೊಬ್ಬಳಿಗೇ ಆಗಿದ್ರೆ ನೀನೇ ಅಂತಿದ್ರು” ಎಂಬ ಅತ್ತೆಯವರ ವ್ಯಾಖ್ಯಾನವನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ.

2. ಹೆರಿಗೆ ಕಥೆ ಹೇಳುವವರು ಅದನ್ನು ಯಾರ ಬಾಯಿಂದ ಕೇಳಿದ್ದು, ಹೇಳಿದವರು ಸ್ಥಳದಲ್ಲಿದ್ದರೇ ಎಂಬುದನ್ನು ಮೊದಲು ನಿವೇದಿಸತಕ್ಕದ್ದು. ಚಿಕ್ಕಮ್ಮನವರ ‘ಹಾದಿಯಲ್ಲೇ ಹೆತ್ತವಳ ಕಥೆ’ಯು ಮೊದಲ ಸಲ ಕಾರಿನಲ್ಲಿ, ಆಮೇಲೆ ಬಸ್ಸಿನಲ್ಲಿ, ನಿನ್ನೆ ಲಿಫ್ಟಿನಲ್ಲಿ ಜರುಗಿರುತ್ತದೆ. ಕಥೆಯ ಎಲ್ಲ ಪಾಠಾಂತರಗಳಲ್ಲೂ “ಎದ್ದು ಬಂದು ತಾನೇ ಕಾಫಿ ಮಾಡ್ಕೊಂಡ್ಲು ಕಣೇ!” ಎಂಬ ಕೊನೆಯ ಮಾತು ಅಕ್ಷರ ಬದಲಾಗದೆ ಉಳಿದಿರುವುದರಿಂದ, ಹೆರಿಗೆ ಒಂದೇ, ವಾಹನ ಮಾತ್ರ ಬೇರೆ ಎಂದು ನಿರ್ಣಯಿಸಲಾಗಿದೆ. ಮುಂದಿನ ಪಾಠದಲ್ಲಿ ವಿಮಾನ ಬಳಸಲು ಪೂರ್ವಾನುಮತಿ ಕಡ್ಡಾಯ.

3. “ನಾನು ಹೆತ್ತಿದ್ದಕ್ಕೆ ಒಂದೂ ಹೊಲಿಗೆ ಇಲ್ಲಮ್ಮ” ಎಂಬುದನ್ನು ಅತ್ತೆಯವರು ಊಟದ ನಂತರ ಒಮ್ಮೆ ಹೇಳಬಹುದು. ‘ಒಂದೂ’ ಎಂಬಲ್ಲಿ ದನಿ ಏರಿಸತಕ್ಕದ್ದಲ್ಲ. ಅಂತೆಯೇ “ದಿನ ಹೇಳ್ಬಿಡಿ ಅತ್ತಿಗೆ, ನಾನೂ ರಜೆ ಹಾಕ್ಬಹುದು” ಎಂಬ ನಾದಿನಿಯವರ ವಾದವನ್ನು ವೈದ್ಯಕೀಯ ಕಾರಣವೆಂದು ಪರಿಗಣಿಸಲಾಗದು.

4. ಪಕ್ಕದ ಮನೆಯ ಟೈಲರ್ ಅಣ್ಣನವರ “ಹಳೇ ಹೊಲಿಗೆ ಮೇಲೇ ಬಿಚ್ಚಿದ್ರೆ ಬಟ್ಟೆ ಹಾಳಾಗಲ್ಲ” ಎಂಬ ಅಭಿಪ್ರಾಯವು ಪ್ಯಾಂಟು ಹಾಗೂ ದಿಂಬಿನ ಕವರಿಗೆ ಮಾತ್ರ ಅನ್ವಯಿಸತಕ್ಕದ್ದು.

5. ಉಲ್ಲೇಖ (ಆ)ದ ದೂರನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿ, ಹೆರಿಗೆಯ ಸಂದರ್ಭದಲ್ಲಿ ‘ನಾರ್ಮಲ್’ ಪದದ ಬಳಕೆಯನ್ನು ತತ್‌ಕ್ಷಣದಿಂದ ನಿಷೇಧಿಸಲಾಗಿದೆ. ಸದರಿ ಪದವನ್ನು ರಕ್ತದೊತ್ತಡ, ಮಿಕ್ಸಿಯ ಸದ್ದು ಹಾಗೂ ಗಂಡನ ನಡವಳಿಕೆಗೆ ಬಳಸಬಹುದು. ಕೊನೆಯದಕ್ಕೆ ಸಾಕ್ಷಿ ಒದಗಿಸತಕ್ಕದ್ದು.

6. ಫೋನು ನೋಡುತ್ತ ಉಚ್ಚರಿಸಿದ “ನಿನ್ನಿಷ್ಟ ಕಣೇ” ಎಂಬುದು ಅಸಿಂಧು. ಗಂಡನು ಫೋನು ಕೆಳಗಿಟ್ಟು, ಎದುರಿಗೆ ಕುಳಿತು, ಅದನ್ನೇ ಇನ್ನೊಮ್ಮೆ ಹೇಳತಕ್ಕದ್ದು.

7. ಮೊದಲ ಹೆರಿಗೆಯ ಕಥೆಗೆ ಸಂಬಂಧಿಸಿದಂತೆ: ದಿನವಿಡೀ ನೋವು ತಿಂದ ಮೇಲೆ ತುರ್ತು ಆಪರೇಷನ್ ಆಗಿ, ಪೂರ್ತಿ ಅರಿವಳಿಕೆ ಕೊಟ್ಟಿದ್ದರಿಂದ ಸೊಸೆಗೆ ಎಚ್ಚರವಿರಲಿಲ್ಲ. ಮಗು ಹೇಗೆ ಅತ್ತಿತು ಎಂಬುದಕ್ಕೆ ಅತ್ತೆಯವರ ಪಾಠ “ಬೆಕ್ಕಿನ ಮರಿ ಥರ”, ಗಂಡನ ಪಾಠ “ಸೈರನ್ನು!” ಹೆತ್ತ ತಾಯಿಯ ಬಳಿ ಪಾಠವೇ ಇಲ್ಲ. ತನ್ನ ಮಗಳ ಮೊದಲ ಅಳುವನ್ನು ಆಕೆ ಇಂದಿಗೂ ಕೇಳಿದ ಕಥೆಯಾಗಿಯೇ ಬಲ್ಲಳು.

8. ಈ ಸಲ ಮೂಲವನ್ನೇ ಕಿವಿಯಾರೆ ಕೇಳತಕ್ಕದ್ದೆಂದು ಆಕೆ ನಿಶ್ಚಯಿಸಿರುತ್ತಾಳೆ. ಕಾಯುತ್ತ ಕುಳಿತು ಮತ್ತೆ ತುರ್ತು ಆಪರೇಷನ್ ಆದಲ್ಲಿ ಪುನಃ ಎಚ್ಚರ ತಪ್ಪಿಸುವ ಸಂಭವವಿರುವ ಕಾರಣ, ದಿನ ಗೊತ್ತುಮಾಡಿ, ಸೊಂಟದ ಕೆಳಗಷ್ಟೇ ಮರಗಟ್ಟಿಸಿ, ಎಚ್ಚರವಿರುವಂತೆಯೇ ಆಪರೇಷನ್ ಮಾಡಬೇಕೆಂದು ಗುರುವಾರ ವೈದ್ಯೆಗೆ ತಿಳಿಸಲಾಗುವುದು. ಇದರಿಂದ ಅತ್ತೆಯವರು ಸೋತರೆಂದಾಗಲಿ ನಾದಿನಿಯವರು ಗೆದ್ದರೆಂದಾಗಲಿ ಯಾರೂ ಭಾವಿಸತಕ್ಕದ್ದಲ್ಲ. ಮಗುವು ಗೊತ್ತಾದ ದಿನಕ್ಕೆ ಮೊದಲೇ ತಾನಾಗಿ ಹೊರಟಲ್ಲಿ, ವಿಷಯವನ್ನು ವೈದ್ಯೆಯೊಂದಿಗೆ ಮರುಪರಿಶೀಲಿಸಲಾಗುವುದು. ಆಗಲೂ ‘ನೀವೇ’ ಏಕವಚನವೇ.

(ಸಹಿ)
‘ನೀವೇ’
ಗೃಹಾಂತರ್ಗತ ವ್ಯವಹಾರಗಳ ವಿಭಾಗ
(ಏಳಲಾಗದ ಕಾರಣ ಕುಳಿತಲ್ಲಿಂದಲೇ)

ಪ್ರತಿಗಳು:
– ಅತ್ತೆಯವರಿಗೆ, ಕನ್ನಡಕದ ಸಮೇತ.
– ಚಿಕ್ಕಮ್ಮನವರಿಗೆ. ಇತರರಿಗೆ ಹೇಳುವಾಗ ಸುತ್ತೋಲೆಯನ್ನು ಬಸ್ಸು ಹತ್ತಿಸಬಾರದಾಗಿ ವಿನಂತಿ.
– ನಾದಿನಿಯವರಿಗೆ, ರಜೆ ಅರ್ಜಿಗೆ ಲಗತ್ತಿಸಲು.
– ಟೈಲರ್ ಅಣ್ಣನವರಿಗೆ, ಕಾಂಪೌಂಡಿನ ಮೇಲಿಂದ.
– ಗಂಡನಿಗೆ, ಸೂಕ್ತ ಕ್ರಮಕ್ಕಾಗಿ. ಕ್ರಮ ಯಾವುದೆಂದು ಕೇಳತಕ್ಕದ್ದಲ್ಲ.
– ಹಿರಿಯ ಮಗಳಿಗೆ. ಓದಲು ಬಾರದ್ದರಿಂದ ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳಲಾಗುವುದು. ಸದ್ಯ ಸ್ಥಳಾಭಾವವಿರುವುದರಿಂದ ಪಕ್ಕದಲ್ಲಿ.
– ಒಳಗಿರುವವರಿಗೆ, ಮಾಹಿತಿಗಾಗಿ. ಕಡತದ ಮರ್ಯಾದೆಗೆ ಈಗ ‘ತಾವು’. ಅತ್ತ ಕೂಡಲೇ ‘ನೀನು’.