ಮಾನ್ಯ ಬಿಳಿ ಒಂಟೆಯವರಿಗೆ, ತಾವು ನನಗೆ ಕಾಣಿಸಿಕೊಳ್ಳದಿರುವ ಬಗ್ಗೆ

ಪೂಜ್ಯ ಬಿಳಿ ಒಂಟೆಯವರ ಸನ್ನಿಧಿಗೆ,
ಬುಗ್ಗೆಯ ಒಡೆಯರು, ನಮ್ಮೂರಿನ ಮೇಲ್ಗಡೆ,
ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆ

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ ನಮಸ್ಕರಿಸಿ, ಎರಡೂ ಡುಬ್ಬಗಳ ಕ್ಷೇಮ ವಿಚಾರಿಸಿ, ಕೆಂಜೆಕಾನ್ ಎಂಬ ವಿಧವೆಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ತಮ್ಮ ಬುಗ್ಗೆಯ ಅಂಗಳ ಗುಡಿಸಿ, ಯಾತ್ರಿಕರಿಗೆ ಚಹಾ ಕಾಸಿ, ಅವರು ಹರಕೆಗೆಂದು ಮರಕ್ಕೆ ಕಟ್ಟಿದ ಬಟ್ಟೆಚೂರು ಗಾಳಿಗೆ ಹಾರದಂತೆ ನೋಡಿಕೊಂಡು ನನ್ನ ತಲೆ ನರೆತರೂ, ತಾವು ಒಮ್ಮೆಯಾದರೂ ನನಗೆ ಕಾಣಿಸಿಕೊಂಡಿಲ್ಲ. ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಕೇಳಿಕೊಂಡದ್ದಕ್ಕೆಲ್ಲ ತಮ್ಮಿಂದ ಉತ್ತರ ಬರಲಿಲ್ಲ.

ತಾವು ಯಾರನ್ನೂ ಭೇಟಿಯಾಗುವುದಿಲ್ಲ ಎಂಬುದು ನನ್ನ ದೂರಲ್ಲ. ತಮ್ಮ ಓಡಾಟ ಕೇಳಿದರೆ ಚುನಾವಣೆಗೆ ನಿಂತವರೂ ನಾಚಬೇಕು. ಕುರಿ ಕಾಯುವ ತುರ್ದುಬೆಕ್‌ಗೆ ಜ್ವರದಲ್ಲಿ ಕಂಡಿರಿ, ಅಂಚೆ ಕಚೇರಿಯ ಹೆಂಗಸಿಗೆ ಹೆರಿಗೆಯ ಹಿಂದಿನ ದಿನ ಕಂಡಿರಿ, ಹಿಂದೆ ದೇವರೇ ಇಲ್ಲವೆಂದು ಭಾಷಣ ಮಾಡುತ್ತಿದ್ದ ಕಮ್ಯುನಿಸ್ಟ್ ಪಾರ್ಟಿಯ ಮುದುಕನಿಗೆ ಹಲ್ಲು ಕೀಳಿಸಿಕೊಳ್ಳುವಾಗ ಕಂಡು ಅವನನ್ನು ನಮಾಜಿಗೆ ಹಚ್ಚಿದಿರಿ. ನನ್ನ ನಾದಿನಿ ಸೈರಾಕಾನ್‌ಗಂತೂ ಬಿಶ್ಕೆಕ್‌ನಿಂದ ಬರುವ ಮಿನಿಬಸ್ಸಿನಲ್ಲೇ, ಕಿಟಕಿಯ ಪಕ್ಕದ ಸೀಟಿನಲ್ಲಿ ದರ್ಶನ ಕೊಟ್ಟಿರಂತೆ. ಅಷ್ಟು ದೊಡ್ಡ ದೇಹವನ್ನು ಅಲ್ಲಿ ಹೇಗೆ ಹಿಡಿಸಿಕೊಂಡಿರೆಂದು ನಾನು ಕೇಳಲು ಹೋಗಲಿಲ್ಲ, ಏಕೆಂದರೆ ಅದೇ ಬಸ್ಸಿನಲ್ಲಿ ನಾನೂ ಹೇಗೋ ಹಿಡಿಸಿಕೊಂಡು ಓಡಾಡಿದವಳೇ.

ಇಷ್ಟು ದಿನ ಇದನ್ನು ನುಂಗಿಕೊಂಡಿದ್ದೆ. ಆದರೆ ಕಳೆದ ವಸಂತದಲ್ಲಿ ಬುಗ್ಗೆಯ ಪಾಲಕಿಯಾಗಿದ್ದ ನಮ್ಮತ್ತೆ ಬಾತ್ಮಾ-ಆಪಾ ಹಾಸಿಗೆ ಹಿಡಿದರು, ಅವರ ಜಾಗಕ್ಕೆ ಯಾರು ಎಂಬ ಮಾತು ಎದ್ದಿತು. ಆ ಜಾಗ ನನಗೆ ಬೇಕಾಗಿತ್ತು. ಮುಚ್ಚುಮರೆ ಏಕೆ, ಬಹಳ ಬೇಕಾಗಿತ್ತು. ಆದರೆ ಪಾಲಕಿಯಾಗುವವಳಿಗೆ ಕನಸಿನಲ್ಲೋ ಎಚ್ಚರದಲ್ಲೋ ತಮ್ಮ ಕಡೆಯಿಂದ ಸೂಚನೆ ಬಂದಿರಬೇಕು, ನಮ್ಮವರು ಆಯಾನ್ ಎನ್ನುವುದು ಅದನ್ನೇ. ಹಾಗಾಗಿ ಯಾತ್ರಿಕರಂತೆ ನಾನೂ ಕುರಿ ಚರ್ಮ ಹಾಸಿಕೊಂಡು ಬುಗ್ಗೆಯ ಪಕ್ಕ ಮಲಗಿದೆ, ತಮಗೆ ಘಮ ಮುಟ್ಟಲೆಂದು ಹಿಟ್ಟು ನಾದಿ, ತುಂಡು ಮಾಡಿ, ಕೊಬ್ಬಿನಲ್ಲಿ ಬೊರ್ಸೋಕ್ ಕರಿದೆ, ಇಡೀ ಒಂಟೆಯಾಗಿ ಬರಲು ಅನಾನುಕೂಲವಾದರೆ ಒಂದು ಡುಬ್ಬವನ್ನಾದರೂ ಕಳಿಸಿಕೊಡಬೇಕೆಂದು ಬೇಡಿದೆ. ಅತ್ತೆ ಮಾತ್ರ ಮಲಗಿದ್ದಲ್ಲಿಂದಲೇ ನಕ್ಕರು. "ನೀನು ಹೊಡೆಯೋ ಗೊರಕೆಗೆ ಹುಲಿನೂ ಹತ್ರ ಬರಲ್ಲ ಕಣೇ, ಪಾಪ ಒಂಟೆ ಎಲ್ಲಿ ಬರುತ್ತೆ?"

ಕೊನೆಗೆ ಕನಸೊಂದು ಬಿತ್ತು, ಅದರಲ್ಲಿ ಬೆಳ್ಳಗಿನದೇನೋ ನಿಂತಿತ್ತು, ಹತ್ತಿರ ಹೋಗಿ ನೋಡಿದರೆ ಫ್ರಿಜ್ಜು. ಊರ ಹಿರಿಯರ ಸಭೆಯಲ್ಲಿ ಇದನ್ನೂ ಇದ್ದಂತೆ ಹೇಳಿದೆ. ಮುಖ್ಯಸ್ಥರಾದ ಮೆದೆರ್‌ಬೆಕ್ ಅಜ್ಜ ನಗಲಿಲ್ಲ, ಗಡ್ಡ ನೀವಿಕೊಂಡು "ಅದು ಏನಾದ್ರೂ ಮಾತಾಡ್ತಾ?" ಎಂದು ವಿಚಾರಿಸಿದರು. "ಗೊರ್ ಅಂತು, ಅಷ್ಟೇ," ಎಂದೆ. "ಬಾಗಿಲು ತೆಗೆದಾಗ ಬೆಳಕು ಬಂತಾ?" ಎಂದರು. ಬಂತು, ಆದರೆ ಒಳಗೆ ಇದ್ದದ್ದು ಸೌತೆಕಾಯಿ ಉಪ್ಪಿನಕಾಯಿ ಎಂದೆ. ಹಿರಿಯರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿಕೊಂಡು, ಉಪ್ಪಿನಕಾಯಿ ಇಲ್ಲದಿದ್ದರೆ ಪರಿಗಣಿಸಬಹುದಿತ್ತು ಎಂದು ತೀರ್ಮಾನಿಸಿದರು.

ಬೇರೇನಾದರೂ ಇದ್ದರೆ ಹೇಳು ಎಂದಾಗ, ಹೇಳಲೋ ಬೇಡವೋ ಎಂದುಕೊಂಡೇ ಇನ್ನೊಂದನ್ನು ಹೇಳಿದೆ. ಒಂದು ಮಧ್ಯಾಹ್ನ ಬುಗ್ಗೆಯ ಬಾಯಿಗೆ ಕಟ್ಟಿದ ಪಾಚಿ ತೆಗೆಯಲು ತೋಳು ಇಳಿಬಿಟ್ಟು ಕೂತಿದ್ದೆ. ನೀರು ಬೆರಳ ಸಂದಿಯಲ್ಲಿ ಹಾಯುತ್ತಿತ್ತು. ಆಮೇಲೆ ತೋಳು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗಲಿಲ್ಲ. ಗಂಡ ಸತ್ತ ಮೇಲೆ ಎದೆಯಲ್ಲಿ ಕೂತಿದ್ದ ಭಾರ ಅಷ್ಟು ಹೊತ್ತು ಇರಲಿಲ್ಲ. ಅತ್ತೆ ಕೂಗಿದಾಗ ನೋಡಿದರೆ ಬಿಸಿಲು ಆಚೆ ಗುಡ್ಡಕ್ಕೆ ಹೋಗಿತ್ತು, ಒಲೆಯ ಮೇಲಿನ ಚಹಾ ಬತ್ತಿ ಪಾತ್ರೆ ಸೀದುಹೋಗಿತ್ತು. "ಯಾರು ಬಂದ್ರು?" ಎಂದರು ಅಜ್ಜ. ಯಾರೂ ಇಲ್ಲ. "ಏನು ಅಂದ್ರು?" ಏನೂ ಇಲ್ಲ. "ಬಿಳಿಯದು ಏನಾದ್ರೂ?" ಎಂದು ಪಕ್ಕದವರು ಸಹಾಯಕ್ಕೆ ಬಂದರು. ಪಾಚಿ ಹಸಿರು, ಪಾತ್ರೆ ಕಪ್ಪು ಎಂದೆ. ಸಭೆಯಲ್ಲಿದ್ದ ನರ್ಸಮ್ಮ ಅದು ರಕ್ತದೊತ್ತಡ ಇಳಿದದ್ದರ ಲಕ್ಷಣ ಎಂದಳು, ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಒಂಟೆಯಿಲ್ಲದ ಕಡೆ ಒಂಟೆಯಿತ್ತೆನ್ನಲು ನಾನು ಯಾರು?

ಸಭೆ ಏಳುವ ಮುಂಚೆ ಮೆದೆರ್‌ಬೆಕ್ ಅಜ್ಜ ನನ್ನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದರು: "ಕಂಡೆ ಅಂತ ಒಂದು ಮಾತು ಹೇಳಿಬಿಡಮ್ಮ. ಒಂಟೆ ಬಂದು ಅಲ್ಲ ಅನ್ನುತ್ತಾ?" ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಪಾಲಕಿಯ ಕೈ ಹಿಡಿದು ಕೇಳುವವರಿರುತ್ತಾರೆ, "ಆಪಾ, ನಿಮಗೆ ಏನಾದ್ರೂ ಕಾಣ್ತಾ, ನನ್ನ ಮಗು ಉಳಿಯುತ್ತಾ?" ಎಂದು. ಅವತ್ತು ಹೇಳಿದ ಒಂದು ಸುಳ್ಳಿಗೆ ಆಮೇಲೆ ಅಂಥ ಒಬ್ಬೊಬ್ಬ ತಾಯಿಯ ಮುಂದೆಯೂ ಮೇವು ಹಾಕುತ್ತಲೇ ಇರಬೇಕಾಗುತ್ತದೆ. ಇಲ್ಲ ಅಜ್ಜ, ನನಗೆ ಏನೂ ಕಂಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮನೆಗೆ ಬಂದು ಚೆನ್ನಾಗಿ ಅತ್ತುಬಿಟ್ಟೆ.

ಪಾಲಕಿಯ ಪಟ್ಟ ನಾದಿನಿಗೆ ಹೋಯಿತು. ಬಿಳಿ ಶಾಲು ಹೊದ್ದು ಬುಗ್ಗೆಯ ಮುಂದೆ ಕೂತು, ತಮ್ಮ ಇತ್ತೀಚಿನ ಭೇಟಿಗಳ ವಿವರವನ್ನು ಆಕೆ ಸೊಗಸಾಗಿ ಹೇಳುತ್ತಾಳೆ. ನನ್ನನ್ನೂ ಮರೆಯಲಿಲ್ಲ. "ಅತ್ತಿಗೆ, ಪೊರಕೆ ನಿಮ್ಮ ಕೈಗೇ ಒಗ್ಗಿಬಿಟ್ಟಿದೆ, ನೀವೇ ಇಟ್ಕೊಳ್ಳಿ," ಎಂದಳು. ಇಟ್ಟುಕೊಂಡೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾಗಿಯ ಶುರುವಿನಲ್ಲಿ ನರೀನ್ ಕಡೆಯ ಒಬ್ಬ ಮುದುಕ ನಾದಿನಿಯ ಮಾತೆಲ್ಲ ಕೇಳಿ, ಒಲೆಯ ಹಿಂದೆ ಪಾತ್ರೆ ಉಜ್ಜುತ್ತಿದ್ದ ನನ್ನ ಬಳಿ ಬಂದು "ತಾಯಿ, ನಿಮಗೂ ಕಾಣುತ್ತಾ?" ಎಂದ. ಇಲ್ಲಪ್ಪ, ಯಾವತ್ತೂ ಇಲ್ಲ ಎಂದೆ. ಆತ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನನಗೂ ಇಲ್ಲ. ಹೆಂಡತಿ ಹೋದಾಗಿಂದ ಊರೂರು ಸುತ್ತಿದೀನಿ, ಯಾವ ಮಜಾರಲ್ಲೂ, ಯಾವ ಪುಣ್ಯಸ್ಥಳದಲ್ಲೂ ಏನೂ ಆಗಿಲ್ಲ, ನಾನೇ ಕೆಟ್ಟವನೇನೋ ಅಂದ್ಕೊಂಡಿದ್ದೆ," ಎಂದು ಕೂತುಬಿಟ್ಟ. ಚಹಾ ಕೊಟ್ಟೆ. ಅವನು ಯಾರಿಗೆ ಹೇಳಿದನೋ ಕಾಣೆ, ಈಗ ಶುಕ್ರವಾರ ಬಂದರೆ ನನ್ನ ಒಲೆಯ ಹಿಂದೆ ಕೂರಲು ಜಾಗವಿರುವುದಿಲ್ಲ. ಮುಂದೆ ಕೂತು ಕಂಡೆ ಕಂಡೆ ಎಂದು ತಲೆಯಾಡಿಸಿದವರೇ ಹಿಂದೆ ಬಂದು ಬೊರ್ಸೋಕ್ ತಿನ್ನುತ್ತಾ "ನನಗೂ ಇಲ್ಲ" ಎನ್ನುತ್ತಾರೆ, ಅಳುತ್ತಾರೆ, ನಗುತ್ತಾರೆ, ಹಗುರಾಗಿ ಮನೆಗೆ ಹೋಗುತ್ತಾರೆ. ಹೋದ ವಾರ ಮೆದೆರ್‌ಬೆಕ್ ಅಜ್ಜನೂ ಬಂದಿದ್ದರು. ಎರಡು ಬಟ್ಟಲು ಚಹಾ ಕುಡಿದು, ಬಟ್ಟಲನ್ನು ತಾವೇ ತೊಳೆದಿಟ್ಟು ಹೋದರು.

ಆದ್ದರಿಂದ ನನ್ನ ಹಿಂದಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂಪಡೆಯುತ್ತಿದ್ದೇನೆ. ಏನೂ ಕಾಣದಿರುವುದೇ ಅರ್ಹತೆಯಾಗಿರುವ ಕೆಲಸವೊಂದು ಈ ವಯಸ್ಸಿನಲ್ಲಿ ನನಗೆ ಸಿಕ್ಕಿದೆ. ತಾವು ಈಗ ಮನಸ್ಸು ಕರಗಿ ಬಂದರೆ ಅದೂ ಕೈಬಿಟ್ಟುಹೋಗುತ್ತದೆ, ಒಲೆಯ ಹಿಂದೆ ಕೂರುವವರ ಮುಖ ನಾನು ಹೇಗೆ ನೋಡಲಿ? ದಯವಿಟ್ಟು ಬರಬೇಡಿ.

ಇಂತು, ಕಾಣದೆಯೂ ತಮ್ಮ ಅಂಗಳ ಗುಡಿಸುತ್ತಿರುವ,
ತಮ್ಮ ವಿಶ್ವಾಸಿ,
ಕೆಂಜೆಕಾನ್

ತಾ.ಕ.: ಹೋದ ಶುಕ್ರವಾರ ತಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಳದಲ್ಲೇ ನಿಂತಿದ್ದಿರೆಂದು ನಾದಿನಿ ಹೇಳಿದಳು. ಆ ಅಂಗಳವನ್ನು ಗುಡಿಸಿದವಳು ನಾನು, ಒಂದು ಹಿಕ್ಕೆಯೂ ಸಿಗಲಿಲ್ಲ. ತಮಗೆ ಮಲಬದ್ಧತೆಯಿದ್ದರೆ ತಿಳಿಸಿ, ನರ್ಸಮ್ಮನಿಗೆ ಹೇಳುತ್ತೇನೆ. ಉತ್ತರವನ್ನು ಕನಸಿನಲ್ಲಿ ಕಳಿಸಬೇಡಿ, ಅಂಚೆಯಲ್ಲಿ ಸಾಕು.