ಹನ್ನೆರಡನೆಯ ತಿರುವಿನ ಮಹಾಸಂಕಟ

ತಾಯಿ ವಾಗ್ದೇವಿ, ಈ ಪಿಂಚಣಿಯುಗದಲ್ಲಿ ಮೊಣಕಾಲಿಗೆ ಪಟ್ಟಿ ಬಿಗಿದು, ಎದೆಗೆ ಪದಕ ತೂಗಿಸಿ, ಬುಲೆಟ್ಟೆಂಬ ಘೋರಗರ್ಜನಶೀಲ ಲೋಹತುರಗಗಳನ್ನೇರಿ ಹಿಮವತ್ಪರ್ವತದ ಮೇಲೆ ದಂಡೆತ್ತಿ ಹೋದ, ಬೆಳಗಾವಿ ಸೀಮೆಯ ಐವರು ನಿವೃತ್ತ ಯೋಧರ ಚರಿತೆಯನ್ನು ನನ್ನ ನಾಲಗೆಯಿಂದ ನುಡಿಸು. ನಗು ಬಂದರೆ ಸೆರಗು ಅಡ್ಡ ಹಿಡಿದು ನಗಮ್ಮ. ಅವರು ಬಲು ಸಿಟ್ಟಿನ ಜನ.

ಸಾಲಿನ ಮುಂದೆ ವೈರಿಹೃದಯವಿದಾರಕ, ಶ್ವೇತಶ್ಮಶ್ರುಮಂಡಿತ, ಸುಬೇದಾರ್ ಮೇಜರ್ ಚನಮಲ್ಲಪ್ಪ ಹೂಲಿಕಟ್ಟಿ. ಅವರ ಬೆನ್ನಿಗೆ ರೊಟ್ಟಿಗಂಟು ಹಿಡಿದು ಕುಳಿತ ಧರ್ಮಪತ್ನಿ ಬಾಳವ್ವ. ಎರಡನೆಯ ಗಾಡಿಯಲ್ಲಿ ಹವಾಲ್ದಾರ್ ಯಮನಪ್ಪ ಕಳಸದ. ದಂಡು ನಿಲ್ಲಬೇಕಾದರೆ ಮುಂದಾಳು ಕೈ ಎತ್ತಬೇಕು, ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಆದರೆ ಮುಂದಾಳು ತನ್ನ ಸ್ವಂತ ಕೆಲಸಕ್ಕೆ ನಿಲ್ಲಿಸಿದನೋ, ಅವನು ಸಾಲಿನ ಬಾಲಕ್ಕೆ, ಎರಡನೆಯವನು ಮುಂದಕ್ಕೆ. ಇದು ಅವರೇ ಮಾಡಿಕೊಂಡ ಕಾನೂನು. ಯಮನಪ್ಪನೋ ಪಲ್ಟಣಿನ ದಿನಗಳಿಂದ ಮೂವತ್ತು ವರ್ಷ ಸುಬೇದಾರರ ಬೆನ್ನನ್ನೇ ನೋಡಿ ನೋಡಿ ಸಾಕಾಗಿದ್ದ.

ಅಂದು ಬೆಳಿಗ್ಗೆ ಢಾಬಾದಲ್ಲಿ, ಚಳಿಗೆ ಅಂಜದವರೆಂದು ತೋರಿಸಲು ತಲಾ ಮೂರು ಗ್ಲಾಸು ಚಹಾ ಏರಿಸಿ, ಸುಬೇದಾರರು ಗರ್ಜಿಸಿದರು: "ಘಟ್ಟದ ತುದಿ ಮುಟ್ಟೂತನಕ ಈ ಕೈ ಮ್ಯಾಲ ಏಳೂದಿಲ್ಲ!"

"ನೀವು ನಾಕ ತಾಸು ಅಂದ್ರ ನಾ ಎಂಟ ತಾಸು, ಸಾಹೇಬ್ರ!" ಎಂದು ಯಮನಪ್ಪ ತೊಡೆ ತಟ್ಟಿದ. "ಅಷ್ಟಕ್ಕೆಲ್ಲಾ ಗಾದಿ ಬಿಟ್ಟು ಇಳಿಯೂ ಮಗಾ ಅಲ್ಲ ನಾನು!"

ಎಂಟನೆಯ ತಿರುವಿನವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಹಿಮಶೀತಲ ಮಾರುತವು ಜಾಕೀಟನ್ನು ಭೇದಿಸಿ ಹೊಕ್ಕಿತು. ಚಹಾ ಎಂಬ ಕ್ಷೀರಶರ್ಕರಾಸಂಭವ ದುರ್ಧರ್ಷ ವೈರಿಯು ಒಳಗಿನಿಂದಲೇ ಕೋಟೆಬಾಗಿಲನ್ನು ಬಡಿಯತೊಡಗಿದನು. ರಸ್ತೆಯ ಒಂದೊಂದು ಗುಂಡಿಗೂ ಸುಬೇದಾರರ ಪ್ರಾಣ ಬಾಯಿಗೆ ಬಂತು. ಕನ್ನಡಿಯಲ್ಲಿ ನೋಡಿದರೆ ಯಮನಪ್ಪನ ಹಲ್ಲು ಕಾಣುತ್ತಿತ್ತು. 'ನಗ್ತಾನ, ಮಗ' ಎಂದುಕೊಂಡರು. ಅಯ್ಯೋ, ಅವನು ನಗುತ್ತಿರಲಿಲ್ಲ, ಹಲ್ಲು ಕಚ್ಚಿ ತಡೆದುಕೊಂಡಿದ್ದ!

ಹೆಂಗಸರಿಗಾಗಿ ನಿಲ್ಲಿಸಿದರೆ ಕಾನೂನಿನಲ್ಲಿ ತಪ್ಪಿಲ್ಲ. ಹನ್ನೆರಡನೆಯ ತಿರುವಿನಲ್ಲಿ ಮಹಾವೀರರು ಕತ್ತನ್ನು ಅರ್ಧ ಹೊರಳಿಸಿ ಪಿಸುಗುಟ್ಟಿದರು.

"ಬಾಳವ್ವಾ, ನಿನಗ ಒಂದಕ್ಕ ಬಂದೈತಿ ಅಂತ ಹೇಳ."

"ನನಗೇನ ಬಂದಿಲ್ಲಲ್ರಿ."

"ಬಂದೈತಿ ಅಂತ ಹೇಳ ಅಂದೆ! ಹುಕುಂ!"

"ಯಾರಿಗ್ರೀ ಹುಕುಂ?" ಬಾಳವ್ವ ಗಂಟನ್ನು ಬಿಗಿಯಾಗಿ ಹಿಡಿದಳು. "ಮೂವತ್ತೊಂದು ವರ್ಷ ನಿಮ್ಮ ರಜಾದ ಹಾದಿ ಕಾಯ್ದೀನಿ. ಮಗಳಿಗೆ ಹೆಸರಿಡಾಕ ಬರಲಿಲ್ಲ, ನಮ್ಮಪ್ಪ ಸತ್ತಾಗ ಬರಲಿಲ್ಲ. ಇವತ್ತ ನಿಮ್ಮ ಮೀಸಿ ಉಳಸಾಕ ನಾ ಸುಳ್ಳ ಹೇಳ್ಬೇಕೇನು? ತಡೀರಿ, ಹೇಳ್ತೀನಿ."

ಆಮೇಲೆ ಹಿಂದಕ್ಕೆ ತಿರುಗಿ ಕೂಗಿದಳು ನೋಡಿ: "ಏ ಯಮನಪ್ಪಾ! ನಿಮ್ಮ ಸಾಹೇಬ್ರಿಗೆ ಒಂದಕ್ಕ ಬಂದೈತಂತ! ತಡ್ಯಾಕ ಆಗವಲ್ದಂತ!"

ಎದುರಿನ ಗುಡ್ಡವೂ ಅದನ್ನೇ ಎರಡು ಸಲ ಸಾರಿತು. ನನಗಂತೂ ಆ ತಾಯಿಯ ಕಾಲಿಗೆ ಬೀಳಬೇಕೆನಿಸುತ್ತದೆ.

ಸುಬೇದಾರರ ಕೈ ಮೇಲೆದ್ದಿತು. ಪಟ್ಟ ಹೋಯಿತು, ಮಾನ ಹೋಯಿತು. ಮೂವತ್ತು ವರ್ಷ ಕಾಯ್ದ ಅಗ್ರಸ್ಥಾನ ಯಮನಪ್ಪನ ಕಾಲ ಬಳಿಗೇ ಬಂದು ಬಿದ್ದಿತ್ತು. ಆದರೆ ಅವನಿಗೆಲ್ಲಿ ಅದರ ಗ್ಯಾನ? ಗಾಡಿಯನ್ನು ಅಲ್ಲೇ ಕೆಡವಿ, "ದೇವ್ರು ಬಂದಂಗ ಬಂದ್ರಿ ವೈನಿ!" ಎನ್ನುತ್ತಾ ಸಾಹೇಬರನ್ನೇ ದಾಟಿಕೊಂಡು ಓಡಿದ. ಉಳಿದ ಮೂವರೂ ಓಡಿದರು. ಸುಬೇದಾರರು ಎಲ್ಲರಿಗಿಂತ ಹಿಂದೆ, ಪದಕಗಳು ಕಿಣಿಕಿಣಿಗುಟ್ಟುತ್ತಿರಲು, ಓಡಿದರು.

ಹೀಗೆ ಸಾಕ್ಷಾತ್ ಹಿಮವಂತನ ಸಮ್ಮುಖದಲ್ಲಿ, ರಸ್ತೆಯಂಚಿನ ಮೋಟುಗೋಡೆಗೆ ಮುಖ ಮಾಡಿ, ಸಮರಸಹಸ್ರಧೀರರಾದ ಐವರೂ ಸಾಲಾಗಿ ನಿಂತರು. ನಿಂತೇ ನಿಂತರು. ಒಂದು ಲಾರಿ ಹಾರ್ನು ಹೊಡೆದು ಹೋಯಿತು. ಇನ್ನೊಂದು ಹೋಯಿತು.

"ಆತೇನ್ರಿ?" ಎಂದಳು ಬಾಳವ್ವ, ಅವರತ್ತ ಬೆನ್ನು ತಿರುಗಿಸಿಕೊಂಡೇ.

ಗೋಡೆಯ ಕಡೆಯಿಂದ ಸುಬೇದಾರ್ ಮೇಜರರ ಸಣ್ಣ ದನಿ ಕೇಳಿತು.

"ಇನ್ನೂ ಸುರುನ ಆಗಿಲ್ಲ."